ಬೆರಳುದ್ದ ದೇವದಾರು

ರೇ ರೋಡಿನ ಮರದ ಪೇಟೆಯಲ್ಲಿ
ಮೂವತ್ತೊಂದು ವರ್ಷದ ಗುಮಾಸ್ತಿಕೆ ನನ್ನದು.
ಪಕ್ಕದ ಓಣಿಗೆ ದಾರುಖಾನಾ ಎಂದು ಹೆಸರು.
ಇಲ್ಲಿಯವರಿಗೆ ಅದು ಹಳೆಯ ಮದ್ದಿನ ಉಗ್ರಾಣ,
ನನ್ನ ಕನ್ನಡ ಕಿವಿಗೆ ಮಾತ್ರ ಮೊದಲ ದಿನದಿಂದ
ಮರದ ಮನೆ.

ಭಾಣಜಿ ಸೇಠರಿಗೆ ಮರವೆಂದರೆ ಘನಅಡಿ:
ಬರ್ಮಾ ತೇಗ, ಮಲೇಷಿಯಾದ ಸಾಲ್,
ಹಡಗು ಒಡೆಯುವಲ್ಲಿಂದ ಬಂದ, ಉಪ್ಪು ಕುಡಿದ ಹಲಗೆ,
ಮೂಲೆಗೆ ಒರಗಿಸಿದ ನಾಲ್ಕು ದೇವದಾರು.
ಸೇಬಿನ ಪೆಟ್ಟಿಗೆಯ ಅಗ್ಗದ ಪೈನನ್ನೂ ಈ ಪೇಟೆ
ಅದೇ ಹೆಸರಿಂದ ಕೂಗುತ್ತದೆ.

ಭಾನುವಾರದ ದೇವದಾರು ಬೇರೆ.
ತೂರಿನ ಅರಸ ತೆಪ್ಪ ಕಟ್ಟಿಸಿ ಕಡಲಿಗೆ ಇಳಿಸಿದ್ದು,
ಸೊಲೊಮೋನನ ಆಲಯದ ಒಳಗೋಡೆಗೆ
ಒಂದು ಕಲ್ಲೂ ಕಾಣದಂತೆ ಹೊದಿಸಿದ್ದು.
ದಾವೀದ ಅದರ ಮನೆಯಲ್ಲಿ ಕೂತು, ದೇವರಿನ್ನೂ
ಗುಡಾರದ ಬಟ್ಟೆಯಡಿ ಇದ್ದಾನಲ್ಲ ಎಂದು ನಾಚಿದ.
ಎತ್ತರದ ಮರ, ಎತ್ತರಕ್ಕೇ ಸೊಕ್ಕಿ
ಕೊಡಲಿ ಕಂಡ ಮರ.
ಲೆಬನೋನಿನ ಅದಕ್ಕೆ ಕನ್ನಡದಲ್ಲಿ ಹೆಸರಿರಲಿಲ್ಲ,
ಯಾರೋ ಹಿಮಾಲಯದಿಂದ ಸಾಲ ತಂದರು.
ಇಬ್ಬರೂ ದಾಯಾದಿಗಳಂತೆ. ಇರಲಿ.

ಊಟದ ಹೊತ್ತು. ಗರಗಸ ನಿಂತಿತ್ತು.
ಗೇಟಿನ ಹೊರಗೇ ನಿಂತು ಕೇಳಿದಳು:
‘ಅಣ್ಣಾರ, ದೇವದಾರು ಸಿಗ್ತೈತೇನ್ರಿ?’
ಹುನಗುಂದದ ಕಡೆಯ ಮಾತು. ಹೆಸರು ರೂತವ್ವ.
‘ಎಷ್ಟುದ್ದ?’ ಅಂದೆ, ಅಭ್ಯಾಸಬಲ.
‘ಬೆರಳುದ್ದ ಸಾಕ್ರಿ,’ ಎಂದು ಕೈ ಎತ್ತಿದಳು.
ಆ ಕೈಯಲ್ಲಿ ಬೆರಳು ಇರಲಿಲ್ಲ.

ವಡಾಳಾದ ಆಸ್ಪತ್ರೆಯಿಂದ ಹೊರಬಿದ್ದು
ಇಪ್ಪತ್ತೆರಡು ವರ್ಷವಂತೆ.
ರೋಗ ಇಲ್ಲವೆಂಬ ಕಾಗದ ಪ್ಲಾಸ್ಟಿಕ್ಕಿನಲ್ಲಿ ಭದ್ರ.
ಸೊಸೆ ಓದುಬರಹದವಳು, ಆ ಕಾಗದ ಓದಿದ್ದಾಳೆ,
ಓದಿಯೂ ಲೋಟ ಬೇರೆ ಇಟ್ಟಿದ್ದಾಳೆ.
‘ಕಾಗದ ಹೇಳಿದ್ದನ್ನ ಕಟ್ಟಿಗಿ ಹೇಳಲಿ ಅಂತ.’

ಗೊತ್ತಾಯಿತು.
ಕುಷ್ಠ ವಾಸಿಯಾದವನನ್ನು ಯಾಜಕನು ಪಾಳೆಯದ ಹೊರಗೆ
ಶುದ್ಧಿ ಮಾಡುವ ಆ ಹಳೆಯ ವಿಧಿ:
ದೇವದಾರಿನ ಕಟ್ಟಿಗೆ, ಕೆಂಪು ದಾರ, ಹಿಸ್ಸೋಪು,
ಎರಡು ಹಕ್ಕಿ. ಒಂದನ್ನು ಹರಿವ ನೀರಿನ ಮೇಲೆ ಕೊಲ್ಲಬೇಕು,
ಇನ್ನೊಂದನ್ನು ಬಯಲಿಗೆ ಬಿಡಬೇಕು.
ಕಾಡಿನ ದೊರೆ ಅಲ್ಲಿ ಗೋಡೆಸಂದಿನ ಕಳೆಯ ಜೊತೆ
ಒಂದೇ ದಾರದಲ್ಲಿ.

‘ದಾರ ನಂದೈತಿ. ಗೋಡಿ ಮ್ಯಾಲಿನ ಗಿಡಕ್ಕೇನು,
ನಮ್ಮ ಚಾಳಿನಾಗ ಗೋಡಿಗಿಂತ ಗಿಡನ ಹೆಚ್ಚು.
ಹಕ್ಕಿ ಒಂದ ತಗೊಂಡೀನಿ.’
‘ಎರಡು ಬೇಕಲ್ಲವೇ?’
‘ಕೊಲ್ಲೂದು ಬ್ಯಾಡ್ರಿ. ಬಿಡೂದಷ್ಟ ಸಾಕು.’

ಪೆಟ್ಟಿಗೆಯ ಚೂರು ಕೊಟ್ಟು ಕಳಿಸಬಹುದಿತ್ತು.
ಅವಳಿಗೆ ತಿಳಿಯುತ್ತಿರಲಿಲ್ಲ, ಸೇಠರಿಗೂ.
ಕೈ ಕೇಳಲಿಲ್ಲ. ಮೂಲೆಯ ನಿಜವಾದ ಹಲಗೆಯ ಅಂಚು ಕೊಯ್ದೆ.
ಎಣ್ಣೆಗಂಪು ಎದ್ದು, ಡೀಸೆಲ್ ವಾಸನೆಯ ನಡುವೆ
ಒಂದು ಕ್ಷಣ ಆಲಯ ನಿಂತು, ಹೋಯಿತು.
ಎಷ್ಟುದ್ದ ಕೊಯ್ಯಬೇಕೋ ತಿಳಿಯದೆ
ನನ್ನ ತೋರುಬೆರಳನ್ನೇ ಪಕ್ಕಕ್ಕಿಟ್ಟು ಅಳೆದಿದ್ದೆ.
ಘನಅಡಿಯ ಪುಸ್ತಕದಲ್ಲಿ ಅದಕ್ಕೆ ಮನೆಯಿಲ್ಲ.
ಬಿಲ್ಲು ಬರೆಯಲಿಲ್ಲ.

ಹತ್ತು ದಿನಕ್ಕೆ ಮತ್ತೆ ಬಂದಳು,
ಸಾಲ ತಂದ ಸೇರು ತಿರುಗಿ ಕೊಡುವವಳ ಹಾಗೆ:
‘ಕೆಲಸ ಆತ್ರಿ. ಇನ್ಯಾರಿಗಾರ ಬೇಕಾದೀತು.’
ಕೆಂಪು ದಾರ ಇನ್ನೂ ಸುತ್ತಿತ್ತು,
ಅದಕ್ಕೊಂದು ಬೂದುಬಣ್ಣದ ಪುಕ್ಕ.

‘ಸೊಸೆ?’ ಅಂದೆ. ‘ಲೋಟ?’
ನಕ್ಕಳು. ಹಲ್ಲಿಲ್ಲದ ದೊಡ್ಡ ನಗು.
‘ಲೋಟ ಅಲ್ಲೇ ಐತ್ರಿ.
ಹಕ್ಕಿ ಹೋತು.’

ಸೇವ್ರಿ ಖಾಡಿಯ ಕಡೆಗೆ ಎಂದು ಆಮೇಲೆ ಹೇಳಿದಳು,
ಫ್ಲೆಮಿಂಗೋ ಬರುವ ಕೆಸರಿನ ಮೇಲೆ,
ಒಮ್ಮೆಯೂ ತಿರುಗಿ ನೋಡದೆ.

ಆ ತುಂಡು ನನ್ನ ಮೇಜಿನ ಮೇಲೆ ಇದೆ.
ಲೆಡ್ಜರಿಗೆ ಅದನ್ನೇ ಇಟ್ಟು ಗೆರೆ ಎಳೆಯುತ್ತೇನೆ.
ಗಿಡ್ಡ ಗೆರೆ, ತುಸು ಸೊಟ್ಟ.
ಸೇಠರು ಬೈಯುತ್ತಾರೆ:
ಫೂಟುಪಟ್ಟಿಗೆ ಬರವೇ ಇಷ್ಟು ಮರದ ನಡುವೆ?